ಬಳ್ಳಾಲರಿಗೆ ಆರಿಸಿದ ಮಾದರಿ

ಮನಸ್ಸಿಗೆ ಚಿಕಿತ್ಸೆ ಕೊಡುವವರು ಎಷ್ಟೇ ಹಿರಿಯರಾಗಿರಲಿ, ಅವರಿಗೂ ಒಬ್ಬ ಮೇಲ್ವಿಚಾರಕ ಇರಲೇಬೇಕು ಎಂಬ ಕಾನೂನು ಬಂದಾಗ ಮಂಗಳೂರಿನ ಮನೋಚಿಕಿತ್ಸಾ ಕೇಂದ್ರದ ಹಿರಿಯ ವೈದ್ಯರೆಲ್ಲ ಮುನಿಸಿಕೊಂಡರು. ಅಷ್ಟೊಂದು ಮೇಲ್ವಿಚಾರಕರನ್ನು ಎಲ್ಲಿಂದ ತರುತ್ತೀರಿ ಎಂಬುದು ಅವರ ಮೊದಲ ತಕರಾರು. ಅದಕ್ಕೆ ಉತ್ತರ ಆಗಲೇ ತಯಾರಾಗಿತ್ತು. ಕಡಲೆಬೇಳೆಯಷ್ಟು ಗಾತ್ರದ ಒಂದು ಯಂತ್ರ. ಕಿವಿಯೊಳಗೆ ಇಟ್ಟುಕೊಂಡರೆ ಹೊರಗಿನವರಿಗೆ ಕಾಣುತ್ತಲೂ ಇರಲಿಲ್ಲ. ವೈದ್ಯ ಮತ್ತು ರೋಗಿ ಆಡುವ ಮಾತನ್ನೆಲ್ಲ ಅದು ಕೇಳಿಸಿಕೊಳ್ಳುತ್ತಿತ್ತು. ರೋಗಿ ಎದ್ದು ಹೋದ ಮೇಲೆ, ಬೇಕೆನಿಸಿದರೆ ನಡುವೆಯೇ, ವೈದ್ಯನ ಕಿವಿಯಲ್ಲಿ ಮೆತ್ತಗೆ ಮಾತಾಡುತ್ತಿತ್ತು. ಕಲಿಯುವ ಹುಡುಗರು ಅದಕ್ಕೆ ‘ಒಳಗಿವಿ’ ಎಂದು ಹೆಸರಿಟ್ಟರು. ಆ ಹೆಸರೇ ಉಳಿಯಿತು.

ಒಳಗಿವಿಗೆ ಸ್ವಂತ ಬುದ್ಧಿ ಎಂಬುದಿಲ್ಲ. ಅದಕ್ಕೊಂದು ಮಾದರಿಯನ್ನು ತುಂಬಬೇಕು. ಮೇಲ್ವಿಚಾರಣೆ ಹೇಗಿರಬೇಕು ಎಂಬ ಬಗ್ಗೆ ಹಿಂದಿನವರು ಕಟ್ಟಿದ ಸಿದ್ಧಾಂತಗಳೆಲ್ಲ ಹೀಗೆ ಮಾದರಿಗಳಾಗಿದ್ದವು. ಒಂದು ಮಾದರಿ, ಎದುರಿಗಿರುವ ವೈದ್ಯ ಬೆಳವಣಿಗೆಯ ಯಾವ ಹಂತದಲ್ಲಿದ್ದಾನೆ ಎಂದು ನೋಡಿ ಅಷ್ಟೇ ಆಸರೆ ಕೊಡುತ್ತಿತ್ತು. ಇನ್ನೊಂದು, ಸಂದರ್ಭ ನೋಡಿಕೊಂಡು ಒಮ್ಮೆ ಮೇಷ್ಟರಂತೆ, ಒಮ್ಮೆ ಸ್ನೇಹಿತನಂತೆ, ಒಮ್ಮೆ ಬರಿಯ ಸಲಹೆಗಾರನಂತೆ ನಡೆದುಕೊಳ್ಳುತ್ತಿತ್ತು. ಮತ್ತೊಂದರ ನಂಬಿಕೆ ಬೇರೆ: ಮೇಲ್ವಿಚಾರಕ ವೈದ್ಯನನ್ನು ಹೇಗೆ ನಡೆಸಿಕೊಳ್ಳುತ್ತಾನೋ ವೈದ್ಯ ತನಗೆ ಅರಿವಿಲ್ಲದೆ ರೋಗಿಯನ್ನು ಹಾಗೆಯೇ ನಡೆಸಿಕೊಳ್ಳುತ್ತಾನೆ ಎಂಬುದು. ಬರಿಯ ಸಿದ್ಧಾಂತದಿಂದ ಯಂತ್ರ ಮಾತಾಡಲಾರದು. ಆ ಸಿದ್ಧಾಂತವನ್ನು ನಂಬಿ ಬದುಕಿದ ಒಬ್ಬ ಗುರುವಿನ ಧ್ವನಿಮುದ್ರಿಕೆಗಳನ್ನು ಸಾವಿರಗಟ್ಟಲೆ ಕೇಳಿಸಿದ ಮೇಲೆಯೇ ಅದಕ್ಕೆ ಬಾಯಿ ಬರುತ್ತಿತ್ತು.

ಯಾವ ವೈದ್ಯನಿಗೆ ಯಾವ ಮಾದರಿ ಎಂದು ಆರಿಸುವ ಕೆಲಸ ನಿಶ್ಮಿತಾ ಸಾಲ್ಯಾನ್‌ಳದ್ದು. ನಲವತ್ತಕ್ಕೆ ಹತ್ತಿರದ ಹೆಂಗಸು, ಮಾತು ಕಡಿಮೆ. ಈ ಕೆಲಸದಲ್ಲಿ ಅವಳನ್ನು ಮೀರಿಸುವವರು ಕರಾವಳಿಯಲ್ಲಿ ಇಲ್ಲ ಎಂದು ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮುಮ್ತಾಜ್ ಎಲ್ಲರ ಮುಂದೆ ಹೇಳುತ್ತಿದ್ದರು. ಹೆದರುವ ಹುಡುಗಿಗೆ ಧೈರ್ಯ ಕೊಡುವ ಮಾದರಿ, ತನ್ನನ್ನೇ ದೊಡ್ಡವನೆಂದುಕೊಂಡವನಿಗೆ ಸ್ವಲ್ಪ ಬಿಸಿ ಮುಟ್ಟಿಸುವ ಮಾದರಿ, ಹೀಗೆ ಅವಳು ಆರಿಸಿದ್ದು ತಪ್ಪಿದ್ದು ಅಪರೂಪ. ತನಗೆ ಯಾವ ಮಾದರಿ ಬಂದಿದೆ ಎಂಬುದು ವೈದ್ಯನಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾದರೆ ಅದನ್ನು ಮೆಚ್ಚಿಸಲು ನಟಿಸುತ್ತಾರೆ ಎಂದು ನಿಯಮವನ್ನೇ ಹಾಗೆ ಮಾಡಿದ್ದರು.

ಹಿರಿಯರ ಸರದಿ ಬಂದ ದಿನ ಅವಳ ಪರದೆಯ ಮೇಲೆ ಮೂಡಿದ ಮೊದಲ ಹೆಸರು ಡಾಕ್ಟರ್ ವಾದಿರಾಜ ಬಳ್ಳಾಲ್. ನಿಶ್ಮಿತಾ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು ಕೂತಳು. ಆ ಹೆಸರು ತನ್ನ ಕೈಗೆ ಬರಲಿ ಎಂದು ಅವಳು ಹದಿನೈದು ವರ್ಷ ಕಾದಿದ್ದಳು.

ಅವಳ ಅಣ್ಣ ಸುಕೇಶ ಹಿಂದೆ ಅದೇ ಕೇಂದ್ರದಲ್ಲಿ ತರಬೇತಿಗೆ ಸೇರಿದ್ದ. ಹೊಯ್ಗೆ ಬಜಾರಿನ ಮೀನುಗಾರರ ಮನೆಯಿಂದ ಅಲ್ಲಿಯವರೆಗೆ ಹೋದ ಮೊದಲನೆಯವನು. ಅವನ ಜೊತೆ ಕೂತರೆ ಎಂಥವರೂ ಬಾಯಿ ಬಿಡುತ್ತಿದ್ದರು. ದೋಣಿ ಕಳೆದುಕೊಂಡವರು, ಮಗ ಕಳೆದುಕೊಂಡವರು, ಕುಡಿತ ಬಿಡಲಾಗದೆ ನಾಚುವವರು ಅವನ ಮುಂದೆ ಅಳುತ್ತಿದ್ದರು. ಎದ್ದು ಹೋಗುವಾಗ ಹಗುರವಾಗಿರುತ್ತಿದ್ದರು. ಅವನ ಮೇಲ್ವಿಚಾರಕರಾಗಿ ಬಂದವರು ಬಳ್ಳಾಲರು. ಅವರ ಪದ್ಧತಿಗೆ ಅವರೇ ಇಟ್ಟ ಹೆಸರು ಶೋಧನೆ. ರೋಗಿಯ ಜೊತೆ ನಡೆದ ಮಾತುಕತೆಯ ಮುದ್ರಿಕೆ ಹಾಕುವುದು, ವಿದ್ಯಾರ್ಥಿ ಆಡಿದ ಪ್ರತಿ ವಾಕ್ಯ ಮುಗಿದ ಕೂಡಲೇ ನಿಲ್ಲಿಸುವುದು, ಒಂದೇ ಪ್ರಶ್ನೆ ಕೇಳುವುದು: “ಈ ಮಾತು ಯಾರಿಗಾಗಿ ಆಡಿದ್ದು?” ರೋಗಿಗಾಗಿ ಎಂದರೆ ಸುಳ್ಳು ಹೇಳಬೇಡ ಎನ್ನುತ್ತಿದ್ದರು. ನನಗಾಗಿ ಎಂದರೆ, ಮತ್ತೆ ಇಲ್ಲಿ ಕೂತದ್ದು ಎಂತಕ್ಕೆ ಎನ್ನುತ್ತಿದ್ದರು. ಸರಿಯುತ್ತರ ಅಂತ ಒಂದು ಇರಲೇ ಇಲ್ಲ. ದನಿ ಏರಿಸುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ತಣ್ಣಗೆ, ಪ್ರೀತಿಯಿಂದ ಎಂಬಂತೆ ಕೇಳುತ್ತಿದ್ದರು. ಅದನ್ನು ತಾಳಿಕೊಂಡು ಹೊರಬಂದ ಕೆಲವರು ದೊಡ್ಡ ಹೆಸರು ಮಾಡಿದ್ದರು, ಗುರುಗಳು ನಮ್ಮನ್ನು ಜರಡಿ ಹಿಡಿದರು ಎಂದು ಸಭೆಗಳಲ್ಲಿ ಹೊಗಳುತ್ತಿದ್ದರು. ತಾಳಿಕೊಳ್ಳದವರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ವರ್ಷ ತುಂಬುವ ಮೊದಲೇ ಒಂದು ದಿನ ಸುಕೇಶ ರೋಗಿಯ ಮುಂದೆ ಕೂತು ಬಾಯಿ ತೆರೆದ. ಮಾತು ಬರಲಿಲ್ಲ. ಗಂಟೆಯುದ್ದಕ್ಕೂ ಹಾಗೆಯೇ ಕೂತಿದ್ದ. ಕೊನೆಗೆ ರೋಗಿಯೇ ಗಾಬರಿಯಾಗಿ ಹೊರಗೆ ಬಂದು, ನಿಮ್ಮ ಡಾಕ್ಟರಿಗೆ ಏನೋ ಆಗಿದೆ ನೋಡಿ ಎಂದು ಕರೆದ. ಬಳ್ಳಾಲರು ಕೊಟ್ಟ ವರದಿಯಲ್ಲಿ ಒಂದೇ ಸಾಲಿತ್ತು: ಸ್ವಭಾವತಃ ಅನರ್ಹ.

ಈಗ ಸುಕೇಶ ಬಂದರಿನ ದಕ್ಕೆಯಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಅಣ್ಣ ತಂಗಿ ಒಂದೇ ಮನೆಯಲ್ಲಿದ್ದರು, ಇಬ್ಬರೂ ಮದುವೆಯಾಗಿರಲಿಲ್ಲ. ಅವನಿಗೆ ಮಾತು ಮರಳಿ ಬಂದಿತ್ತು, ಆದರೆ ಹಳೆಯ ಮಾತಲ್ಲ. ಚಾ ಬೇಕಾ ಎಂದು ಕೇಳುವುದಕ್ಕೂ ಮೊದಲು ಅವನು ತಡೆದು ನಿಲ್ಲುತ್ತಿದ್ದ. ಒಳಗೆ ಯಾರಿಗೋ ಲೆಕ್ಕ ಒಪ್ಪಿಸುತ್ತಿದ್ದಾನೆ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಎಷ್ಟೋ ಸಲ ಕೇಳದೆಯೇ ಹೊರಟುಹೋಗುತ್ತಿದ್ದ. ಅವನನ್ನು ನೋಡಲು ಬಂದ ಹೆಣ್ಣಿನ ಕಡೆಯವರು ಹುಡುಗ ಮೂಗನಾ ಎಂದು ಕೇಳಿಹೋಗಿದ್ದರು. ನಿಶ್ಮಿತಾ ಎಂಜಿನಿಯರಿಂಗ್ ಬಿಟ್ಟು ಮೇಲ್ವಿಚಾರಣೆಯ ಸಿದ್ಧಾಂತಗಳನ್ನು ಓದಲು ಹೊರಟದ್ದು ಅಣ್ಣನಿಗಾದದ್ದನ್ನು ಬಿಡಿಸುವ ದಾರಿ ಅದರಲ್ಲಿ ಸಿಗಬಹುದೆಂದು. ಸಿಗಲಿಲ್ಲ. ಓದುತ್ತ ಓದುತ್ತ ಅವಳಿಗೆ ಬೇರೆ ಒಂದು ದಾರಿ ಕಾಣಿಸಿತು.

ಶೋಧನೆಯ ಪದ್ಧತಿಯೂ ಒಂದು ಮಾದರಿಯಾಗಿ ಕೇಂದ್ರದ ಮಾದರಿಗಳ ಭಂಡಾರದಲ್ಲಿ ಇತ್ತು. ಅದನ್ನು ಕಟ್ಟಿದ್ದು ಬಳ್ಳಾಲರು ವಿದ್ಯಾರ್ಥಿಗಳನ್ನು ಪ್ರಶ್ನಿಸುತ್ತಿದ್ದಾಗಿನ ಅವರದ್ದೇ ಮುದ್ರಿಕೆಗಳಿಂದ. ತಮ್ಮ ಜೀವಮಾನದ ಕೆಲಸ ಮುಂದಿನವರಿಗೆ ದಕ್ಕಲಿ ಎಂದು ಅವರೇ ಅವನ್ನೆಲ್ಲ ದಾನ ಮಾಡಿದ್ದರು. ಭಂಡಾರದ ನಿಯಮದಂತೆ ಗುರುವಿನ ಹೆಸರನ್ನೂ ಪದ್ಧತಿಯ ಹೆಸರನ್ನೂ ಅಳಿಸಿ, ದನಿಯನ್ನು ಯಾರದ್ದೂ ಅಲ್ಲದ ಒಂದು ಹೆಣ್ಣುದನಿಗೆ ಬದಲಾಯಿಸಿ ಇಟ್ಟಿದ್ದರು. ಅದರ ಮಾತಿನ ರೀತಿ, ನಿಲ್ಲಿಸುವ ಜಾಗ, ಪ್ರಶ್ನೆ ಹಾಕುವ ಹೊತ್ತು ಎಲ್ಲ ಬಳ್ಳಾಲರದ್ದೇ. ತೀರಾ ಕಠಿಣವಾಯಿತು ಎಂದು ಅದನ್ನು ಈವರೆಗೆ ಯಾವ ವಿದ್ಯಾರ್ಥಿಗೂ ಕೊಟ್ಟಿರಲಿಲ್ಲ. ನಿಶ್ಮಿತಾ ಅದನ್ನು ಬಳ್ಳಾಲರಿಗೆ ಆರಿಸಿದಳು.

ಮುಖ್ಯಸ್ಥೆಯ ಒಪ್ಪಿಗೆ ಬೇಕಿತ್ತು. ಮುಮ್ತಾಜ್ ಕನ್ನಡಕ ಏರಿಸಿಕೊಂಡು, ಇಷ್ಟು ಬಿಗಿಯಾದದ್ದು ಯಾಕೆ ಎಂದು ಕೇಳಿದರು. ಮೃದುವಾದ ಮಾದರಿ ಕೊಟ್ಟರೆ ಬಳ್ಳಾಲರು ಅದನ್ನೇ ಎದುರು ಕೂರಿಸಿ ಪಾಠ ಮಾಡುತ್ತಾರೆ, ಅವರ ಅನುಭವಕ್ಕೆ ಸರಿಸಮ ನಿಲ್ಲುವುದು ಇದೊಂದೇ ಎಂದಳು ನಿಶ್ಮಿತಾ. ಅದು ಸುಳ್ಳಾಗಿರಲಿಲ್ಲ. ಮುಮ್ತಾಜರಿಗೆ ನಗು ಬಂತು, ಒಪ್ಪಿಗೆ ಕೊಟ್ಟರು. ಆ ಮಾದರಿಯ ಹಿಂದೆ ಯಾರ ಮುದ್ರಿಕೆಗಳಿವೆ ಎಂದು ಅವರು ಕೇಳಲಿಲ್ಲ. ಇವಳು ಹೇಳಲಿಲ್ಲ.

ಮೊದಲ ದಿನ ನಿಯಂತ್ರಣ ಕೊಠಡಿಯಲ್ಲಿ ನಿಶ್ಮಿತಾ ಒಬ್ಬಳೇ ಕೂತಿದ್ದಳು. ಗಾಜಿನಾಚೆ ಸಲಹಾ ಕೋಣೆ. ಬಳ್ಳಾಲರು ಎಪ್ಪತ್ತರ ಹತ್ತಿರದವರು, ಬಿಳಿ ಅಂಗಿಯ ತೋಳು ಮಡಚಿ ನೆಟ್ಟಗೆ ಕೂತಿದ್ದರು. ಅವರೆದುರು ಜೆಸಿಂತಾ ಡಿಸಿಲ್ವ ಎಂಬ ಐವತ್ತರ ಹೆಂಗಸು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿಕೊಂಡಿದ್ದವಳು. ಗಂಡ ಸತ್ತ ಮೇಲೆ ಬೆಂಕಿಯ ಹತ್ತಿರ ಹೋಗಲಾಗದೆ ಕೈ ನಡುಗುತ್ತದೆ ಎಂದು ಬಂದಿದ್ದಳು. ಅಪಾಯದ ಅಂಚಿನಲ್ಲಿರುವ ರೋಗಿಗಳನ್ನೆಲ್ಲ ನಿಶ್ಮಿತಾ ಮೊದಲೇ ಬೇರೆಯವರ ಕಡೆ ಕಳಿಸಿದ್ದಳು. ಜೆಸಿಂತಾಳಿಗೆ ಅಂಥ ಅಪಾಯವಿಲ್ಲ ಎಂದುಕೊಂಡಿದ್ದಳು.

ಮಾತುಕತೆ ಚೆನ್ನಾಗಿಯೇ ನಡೆಯಿತು. ರೋಗಿಗಳ ಮುಂದೆ ಬಳ್ಳಾಲರು ಮೃದು ಮನುಷ್ಯ. ವಿದ್ಯಾರ್ಥಿಗಳು ಕಂಡ ಬಳ್ಳಾಲರೇ ಬೇರೆ. ಜೆಸಿಂತಾ ಹೋದ ಮೇಲೆ ಒಳಗಿವಿ ಶುರುಮಾಡಿತು. ಅವರ ಮೊದಲ ವಾಕ್ಯವನ್ನು ಅವರಿಗೇ ಕೇಳಿಸಿತು, ‘ನೀವು ತುಂಬ ಧೈರ್ಯದವರು ಜೆಸಿಂತಾಬಾಯಿ’ ಎಂಬುದನ್ನು. ಕೇಳಿಸಿ, ನಿಲ್ಲಿಸಿತು.

“ಈ ಮಾತು ಯಾರಿಗಾಗಿ ಆಡಿದ್ದು?”

ಬಳ್ಳಾಲರ ಮುಖ ಅರಳಿತು. ಪರವಾಗಿಲ್ಲವೇ, ಯಂತ್ರಕ್ಕೆ ಕೇಳಬೇಕಾದ್ದು ಗೊತ್ತಿದೆ ಎಂಬಂತೆ ತಲೆದೂಗಿ, ರೋಗಿಗಾಗಿ ಎಂದರು.

“ಸುಳ್ಳು ಹೇಳಬೇಡಿ. ಆಕೆ ಧೈರ್ಯದವಳೆಂದು ನಿಮಗೆ ಹೇಗೆ ಗೊತ್ತಾಯಿತು? ಪರಿಚಯವಾಗಿ ಎರಡು ನಿಮಿಷವಾಗಿತ್ತು.”

ಅವರು ನಕ್ಕರು. ಸರಿ, ನನಗಾಗಿಯೇ ಇರಬಹುದು ಎಂದರು.

“ಮತ್ತೆ ಅಲ್ಲಿ ಕೂತದ್ದು ಎಂತಕ್ಕೆ?”

ನಿಶ್ಮಿತಾ ಗಾಜಿನ ಹತ್ತಿರ ಹೋಗಿ ನಿಂತಳು. ಅವರ ನಗು ತುಟಿಯ ಮೇಲೆ ಇನ್ನೂ ಇತ್ತು, ಕಣ್ಣಿನಿಂದ ಇಳಿದಿತ್ತು. ಆ ಪದ್ಧತಿಯನ್ನು ಅವರು ಜೀವಮಾನವಿಡೀ ಬೇರೆಯವರ ಮೇಲೆ ನಡೆಸಿದ್ದರು. ಅದು ಈ ಕಡೆಯಿಂದ ಹೇಗೆ ಕೇಳಿಸುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಪ್ರಶ್ನೆ ತಮ್ಮ ಶಿಷ್ಯರಾರದ್ದೋ ಎಂದುಕೊಂಡಿರಬೇಕು, ಆ ಹೆಣ್ಣುದನಿಯ ಹಿಂದೆ ತಾವೇ ಇರುವುದರ ಗುರುತು ಅವರಿಗೆ ಸಿಗಲಿಲ್ಲ. ನಿಶ್ಮಿತಾಳಿಗೆ ಮೈಯೆಲ್ಲ ಬೆಚ್ಚಗಾಯಿತು.

ಆವತ್ತು ಮನೆಗೆ ಹೋಗುವಾಗ ಅವಳು ಅಂಜಲ್ ಮೀನಿನ ದೊಡ್ಡ ತುಂಡು ತೆಗೆದುಕೊಂಡು ಹೋದಳು. ಸುಕೇಶ ಒಲೆಯ ಹತ್ತಿರ ನಿಂತು ನೋಡುತ್ತಿದ್ದ. ಏನೋ ಕೇಳಬೇಕೆಂದು ಬಾಯಿ ತೆರೆದ, ತಡೆದ, ಮತ್ತೆ ತೆರೆದ. ಇವತ್ತು ಏನು ವಿಶೇಷ ಎಂದು ಕೇಳಲು ಅವನಿಗೆ ಅಷ್ಟು ಹೊತ್ತು ಹಿಡಿಯಿತು. ವಿಶೇಷ ಎಂತ ಇಲ್ಲ, ತಿನ್ನಬೇಕೆನಿಸಿತು ಎಂದಳು. ಅವನಿಗೆ ಹೇಳುವುದು ಎಲ್ಲ ಮುಗಿದ ಮೇಲೆ ಎಂದು ಅವಳು ನಿರ್ಧರಿಸಿದ್ದಳು. ಅವನ ಕೈಯಲ್ಲಿ ಒಂದು ಗೆಲುವನ್ನು ಇಡಬೇಕು, ಅರ್ಧ ಬೆಂದದ್ದನ್ನಲ್ಲ.

ವಾರಗಳು ಕಳೆದವು. ಒಳಗಿವಿಗೆ ಆಯಾಸವಿಲ್ಲ. ಮನುಷ್ಯನಾದರೆ ಒಂದು ದಿನ ಬೇಸರಪಟ್ಟು ಬಿಡುತ್ತಾನೆ, ಶೀತವೆಂದು ರಜೆ ಹಾಕುತ್ತಾನೆ. ಇದು ಪ್ರತಿ ವಾಕ್ಯಕ್ಕೂ ನಿಲ್ಲಿಸಿತು, ಪ್ರತಿ ವಾಕ್ಯಕ್ಕೂ ಕೇಳಿತು. ಬಳ್ಳಾಲರು ಮೊದಲು ವಾದಿಸಿದರು. ಆಮೇಲೆ ಉತ್ತರಗಳನ್ನು ಮೊದಲೇ ತಯಾರು ಮಾಡಿಕೊಂಡು ಬಂದರು. ತಯಾರಿ ಯಾರಿಗಾಗಿ ಎಂದು ಅದು ಕೇಳಿತು. ಆಮೇಲೆ ಸುಮ್ಮನಾದರು, ಈ ಮೌನ ಯಾರಿಗಾಗಿ ಎಂದಿತು. ಅವರ ಅಂಗಿಯ ತೋಳುಗಳು ಮಡಚದೆ ಜೋಲುತ್ತಿದ್ದವು. ಮುಖಕ್ಷೌರ ಮರೆಯುತ್ತಿತ್ತು. ಕಾರಿಡಾರಿನಲ್ಲಿ ಯಾರಾದರೂ ನಮಸ್ಕಾರ ಎಂದರೆ ಒಂದು ಗಳಿಗೆ ನಿಂತು ಆಮೇಲೆ ಕೈಯೆತ್ತುತ್ತಿದ್ದರು.

ಆ ನಿಲ್ಲುವಿಕೆಯನ್ನು ನಿಶ್ಮಿತಾ ಮೊದಲ ಸಲ ಕಂಡದ್ದು ಕ್ಯಾಂಟೀನಿನಲ್ಲಿ. ಚಾ ಕೊಡುವವನು ಸಕ್ಕರೆ ಬೇಕಾ ಸಾರ್ ಎಂದು ಕೇಳಿದ. ಬಳ್ಳಾಲರು ಬಾಯಿ ತೆರೆದರು, ಮುಚ್ಚಿದರು, ಲೋಟ ತೆಗೆದುಕೊಳ್ಳದೆಯೇ ಹೋದರು. ಅವಳು ತನ್ನ ಚಾವನ್ನು ನಿಧಾನವಾಗಿ, ತಳದ ಸಕ್ಕರೆಯವರೆಗೆ ಕುಡಿದಳು.

ಆದರೆ ಗಾಜಿನಾಚೆ ಇನ್ನೊಂದು ಸಂಗತಿಯೂ ನಡೆಯುತ್ತಿತ್ತು. ಬಳ್ಳಾಲರು ಜೆಸಿಂತಾಳಿಗೂ ಮಾತಿನ ನಡುವೆ ಪ್ರಶ್ನೆ ಹಾಕತೊಡಗಿದ್ದರು. ಗಂಡನ ನೆನಪು ಬಂತು ಎಂದು ಆಕೆ ಹೇಳಿದರೆ, ಅದನ್ನು ಈಗ ಯಾಕೆ ಹೇಳುತ್ತಿದ್ದೀರಿ ಎನ್ನುತ್ತಿದ್ದರು. ಕೆಲವೊಮ್ಮೆ ತಾವೇ ಮಾತಿನ ಮಧ್ಯೆ ನಿಂತುಬಿಡುತ್ತಿದ್ದರು, ಆಕೆ ಸೀರೆಯ ಸೆರಗು ಹಿಂಡುತ್ತ ಕಾಯುತ್ತಿದ್ದಳು. ವೈದ್ಯನ ಮೇಲೆ ಬಿದ್ದದ್ದು ರೋಗಿಯ ಮೇಲೆ ಬೀಳುತ್ತದೆ ಎಂಬ ಸಿದ್ಧಾಂತವನ್ನು ನಿಶ್ಮಿತಾ ಎಷ್ಟೋ ತರಗತಿಗಳಲ್ಲಿ ಪಾಠ ಮಾಡಿದ್ದಳು. ಅದು ಕಣ್ಣೆದುರೇ ನಡೆಯುತ್ತಿತ್ತು. ಪರದೆಯ ಮೇಲೆ ಬೆರಳಿಟ್ಟರೆ ಮಾದರಿ ಬದಲಾಗುತ್ತಿತ್ತು. ಅವಳು ಇಡಲಿಲ್ಲ. ಇನ್ನೊಂದು ವಾರ, ಅವರು ಬಾಯಿಬಿಟ್ಟು ಸೋಲು ಒಪ್ಪುವ ತನಕ ಎಂದುಕೊಂಡಳು.

ಆ ವಾರವೇ ಜೆಸಿಂತಾ ಮಾತಿನ ನಡುವೆ ಎದ್ದು ನಿಂತಳು. “ಡಾಕ್ಟ್ರೇ, ಮೊದಲೆಲ್ಲ ಬೆಂಕಿ ನೋಡಿದ್ರೆ ಮಾತ್ರ ನನ್ಗೆ ಹೆದರಿಕೆ ಆಗ್ತಿತ್ತು. ಈಗ ಬಾಯಿ ತೆಗಿಲಿಕ್ಕೂ ಹೆದರಿಕೆ ಆಗ್ತದೆ. ನಾನಿನ್ನು ಬರುದಿಲ್ಲ,” ಎಂದು ಚೀಲ ಎತ್ತಿಕೊಂಡು ನಡೆದಳು.

ನಿಶ್ಮಿತಾ ಕೊಠಡಿಯಿಂದ ಓಡಿದಳು. ಜೆಸಿಂತಾ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಳು. ಅವಳ ಬಸ್ಸು ಬಂದು ನಿಂತರೂ ಹತ್ತಲಿಲ್ಲ. ಟಿಕೆಟಿಗೆ ಊರ ಹೆಸರು ಹೇಳಬೇಕಲ್ಲ ಎಂದು ಸುಮ್ಮನೆ ಕೂತಿದ್ದಾಳೆ ಎಂಬುದು ನಿಶ್ಮಿತಾಳಿಗೆ ಸ್ವಲ್ಪ ಹೊತ್ತಿನ ಮೇಲೆ ಅರ್ಥವಾಯಿತು. ಅವಳ ಪಕ್ಕ ಕೂತಳು. ತಪ್ಪು ನಿಮ್ಮದಲ್ಲ, ನಮ್ಮ ಕಡೆಯದು, ಬೇರೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೇಳಿ ಕೊನೆಗೆ ಕೈಹಿಡಿದು ಮುಮ್ತಾಜರ ಕೋಣೆಗೆ ತಲುಪಿಸಿದಳು. ಮುಮ್ತಾಜರು ಆ ದಿನದಿಂದ ಜೆಸಿಂತಾಳನ್ನು ತಾವೇ ನೋಡಿಕೊಂಡರು. ಅವಳು ಒಲೆಯ ಮುಂದೆ ನಿಲ್ಲಲು ಮತ್ತೆ ಎರಡು ಹಬ್ಬ ಕಳೆಯಬೇಕಾಯಿತು.

ಆ ಸಂಜೆಯೂ ನಿಶ್ಮಿತಾ ಮಾದರಿ ಬದಲಿಸಲಿಲ್ಲ. ಬಳ್ಳಾಲರಿಗೆ ಬೇರೆ ರೋಗಿಯನ್ನು ಕೊಡದಂತೆ ಮಾತ್ರ ನೋಡಿಕೊಂಡಳು. ಯಂತ್ರವನ್ನು ಅವರ ಕಿವಿಯಲ್ಲೇ ಬಿಟ್ಟಳು. ಕೇಳಲು ಹಳೆಯ ವಾಕ್ಯಗಳು ಬೇಕಾದಷ್ಟಿದ್ದವು.

ಕೊನೆಗೆ ಬಳ್ಳಾಲರೇ ಸಮಿತಿಯ ಮುಂದೆ ದೂರು ತಂದರು. ಉದ್ದ ಮೇಜಿನ ಆ ತುದಿಯಲ್ಲಿ ಮುಮ್ತಾಜ್, ಪಕ್ಕದಲ್ಲಿ ಸದಸ್ಯರು, ಈ ಬದಿಯಲ್ಲಿ ಆಯ್ಕೆ ಮಾಡಿದವಳೆಂದು ನಿಶ್ಮಿತಾ. ಬಳ್ಳಾಲರು ಒಳಗಿವಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಅವರ ಕೈ ಅದನ್ನು ದೂರ ತಳ್ಳಿತು. ತಮಗಾದದ್ದನ್ನು ಅವರು ತಡೆತಡೆದು ಹೇಳಿದರು. ತೆಗೆದಿಟ್ಟ ಮೇಲೂ ಅದು ಮಾತಾಡುತ್ತದೆ, ಮನೆಯಲ್ಲೂ ಮಾತಾಡುತ್ತದೆ ಎಂದರು. ಮೊಮ್ಮಗಳು ಫೋನ್ ಮಾಡಿ ಅಜ್ಜ ಎಂದರೆ ಏನೆನ್ನಬೇಕೆಂದು ತಿಳಿಯದೆ ಫೋನನ್ನು ಹೆಂಡತಿಯ ಕೈಗೆ ಕೊಡುತ್ತಾರಂತೆ. ಬರಬರುತ್ತ ಅವರ ದನಿ ಏರಿತು.

“ಇದನ್ನು ಮಾಡಿದವನು ಯಾರೋ ನನ್ಗೆ ಗೊತ್ತಿಲ್ಲ. ಆದ್ರೆ ಅವನಿಗೆ ಕಲಿಸುದು ಅಂದ್ರೆ ಎಂತ ಅಂತ ಗೊತ್ತಿಲ್ಲ. ಉತ್ತರವೇ ಇಲ್ಲದ ಪ್ರಶ್ನೆ ಕೇಳಿ ಕೇಳಿ ಮನುಷ್ಯನನ್ನು ಒಣಗಿಸುದು ಅವನಿಗೆ ಖುಷಿ. ಅಂಥವನನ್ನು ಕಲಿಯುವ ಮಕ್ಕಳ ಹತ್ರ ಬಿಡ್ಲಿಕ್ಕೇ ಬಾರದು.”

ನಿಶ್ಮಿತಾ ಒಂದು ಪ್ರಶ್ನೆ ಕೇಳಬಹುದೇ ಎಂದು ಅನುಮತಿ ಬೇಡಿದಳು. ಅವಳ ದನಿ ತುಂಬ ವಿನಯವಾಗಿತ್ತು.

“ಸಾರ್, ನಿಮ್ಗೆ ಇಷ್ಟು ಅನುಭವ ಉಂಟು, ನಿಮ್ಗೇ ತಾಳ್ಲಿಕ್ಕೆ ಆಗ್ಲಿಲ್ಲ. ಇದೇ ಮಾದರಿಯ ಕೆಳಗೆ ಇಪ್ಪತ್ತೈದು ವರ್ಷದ ಒಬ್ಬ ಹುಡುಗ ಇದ್ದಿದ್ರೆ?”

“ಮಾತೇ ಬಿಡ್ತಿದ್ದ.”

“ಹಾಗೆ ಬಿಟ್ರೆ, ಅವನು ಸ್ವಭಾವತಃ ಅನರ್ಹ ಅಂತ ಹೇಳ್ಬಹುದಾ?”

“ಅವನ ಸ್ವಭಾವ ಎಂತ ಮಾಡ್ತದೆ? ಯಾರಾದ್ರೂ ಹಾಗೇ ಆಗ್ತಾರೆ. ತಪ್ಪು ಕಲಿಸಿದವನದ್ದು.”

ಮೇಜಿನ ಸುತ್ತ ಕೂತವರೆಲ್ಲ ಅದನ್ನು ಕೇಳಿಸಿಕೊಂಡರು. ನಿಶ್ಮಿತಾ ಎದ್ದು, ಆ ಮಾದರಿಗೆ ಮೂಲವಾದ ಮುದ್ರಿಕೆಗಳಲ್ಲಿ ಒಂದನ್ನು, ದನಿ ಬದಲಿಸದೆ, ಹೆಸರು ಅಳಿಸದೆ ಹಾಕಿದಳು.

ತಮ್ಮ ದನಿ ಕೇಳಿದ ಕೂಡಲೇ ಬಳ್ಳಾಲರ ಮುಖದಲ್ಲಿ ಸಂತೋಷವೇ ಮೂಡಿತು. ಹಳೆಯ ಫೋಟೋ ಕಂಡವರ ಹಾಗೆ. “ಈ ಮಾತು ಯಾರಿಗಾಗಿ ಆಡಿದ್ದು?” ಎಂದಿತು ಆ ದನಿ, ತಣ್ಣಗೆ. ಒಬ್ಬ ಹುಡುಗನ ದನಿ ಉತ್ತರಿಸಿತು. “ಸುಳ್ಳು ಹೇಳಬೇಡ,” ಎಂದಿತು. ಹುಡುಗ ಬೇರೆ ಉತ್ತರ ಕೊಟ್ಟ. “ಮತ್ತೆ ಇಲ್ಲಿ ಕೂತದ್ದು ಎಂತಕ್ಕೆ?” ಹಾಗೇ ಮುಂದುವರಿಯಿತು. ಬಳ್ಳಾಲರ ಕೈ ಮೇಜಿನ ಅಂಚನ್ನು ಹುಡುಕಿತು. ಮುದ್ರಿಕೆಯಲ್ಲಿ ಹುಡುಗನ ಮಾತು ಸಣ್ಣದಾಗುತ್ತ ಹೋಯಿತು, ಆಮೇಲೆ ಅಳು, ಆಮೇಲೆ ಬರಿಯ ಉಸಿರು. “ಈ ಅಳು ಯಾರಿಗಾಗಿ?” ಎಂದಿತು ಬಳ್ಳಾಲರ ದನಿ. ಮುಮ್ತಾಜರು ಕೈಚಾಚಿ ಯಂತ್ರ ನಿಲ್ಲಿಸಿದರು.

ಬಳ್ಳಾಲರು ನಿಶ್ಮಿತಾಳ ಕಡೆ ತಿರುಗಿದರು.

“ಆ ಹುಡುಗ ಯಾರು?”

ಅವಳು ಎಷ್ಟೋ ಬಗೆಯ ಉತ್ತರಗಳನ್ನು ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದಳು. ಅವರು ನಿರಾಕರಿಸಿದರೆ ಹೀಗೆ, ಕ್ಷಮೆ ಕೇಳಿದರೆ ಹೀಗೆ, ಅತ್ತರೆ ಹೀಗೆ ಎಂದು. ಅವರಿಗೆ ಅವನು ನೆನಪೇ ಇರಲಾರ ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

“ಸುಕೇಶ ಸಾಲ್ಯಾನ್. ನನ್ನಣ್ಣ,” ಎಂದಳು.

ಸಮಿತಿ ತಡಮಾಡಲಿಲ್ಲ. ಶೋಧನೆಯ ಮಾದರಿಯನ್ನು ಭಂಡಾರದಿಂದ ತೆಗೆದುಹಾಕಿತು. ಬಳ್ಳಾಲರು ಇನ್ನು ಯಾರ ಮೇಲ್ವಿಚಾರಣೆಯನ್ನೂ ಮಾಡಬಾರದೆಂದಿತು, ಸುಕೇಶನ ಮೇಲಿನ ವರದಿಯನ್ನು ರದ್ದು ಮಾಡಿತು. ಅದೇ ಸಭೆಯಲ್ಲಿ ನಿಶ್ಮಿತಾಳನ್ನು ಆಯ್ಕೆಯ ಕೆಲಸದಿಂದ ಇಳಿಸಿತು. ಆ ಮಾತು ಹೇಳುವಾಗ ಮುಮ್ತಾಜರು ಅವಳ ಮುಖ ನೋಡಲಿಲ್ಲ. ಬಸ್ ನಿಲ್ದಾಣದಿಂದ ಆ ಹೆಂಗಸಿನ ಕೈಹಿಡಿದು ತಂದವಳು ನೀನೇ, ಅಲ್ಲಿ ಕೂರುವ ಹಾಗೆ ಮಾಡಿದವಳೂ ನೀನೇ ಎಂದಷ್ಟೇ ಹೇಳಿದರು.

ಮನೆಗೆ ಬಂದು ಅವಳು ಅಣ್ಣನಿಗೆ ಎಲ್ಲವನ್ನೂ ಹೇಳಿದಳು. ಸುಕೇಶ ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸುತ್ತ ಕೇಳಿದ. ವರದಿ ರದ್ದಾಯಿತೆಂದಾಗ ಒರೆಸುವುದನ್ನು ನಿಲ್ಲಿಸಿದ. ತಪ್ಪು ಕಲಿಸಿದವನದ್ದು ಎಂದು ಅವರ ಬಾಯಿಂದಲೇ ಹೇಳಿಸಿದೆ ಎಂದಾಗ ತಲೆಯೆತ್ತಿ ನೋಡಿದ. ಅವಳು ಕಾದದ್ದು ಆ ನೋಟಕ್ಕೇ. ಆದರೆ ಅದರಲ್ಲಿ ಅವಳು ನೆನೆಸಿದ್ದು ಇರಲಿಲ್ಲ.

“ಆ ಮುದ್ರಿಕೆ,” ಎಂದ. ನಿಂತ. “ನಾನು ಅತ್ತದ್ದು. ಅದನ್ನು ಎಲ್ಲರಿಗೂ ಕೇಳಿಸಿದಿಯಾ?”

ಅದಿಲ್ಲದೆ ಆಗುತ್ತಿರಲಿಲ್ಲ ಎಂದಳು.

“ನನ್ನ ಹತ್ರ ಕೇಳ್ಬೇಕು ಅಂತ ಕಾಣ್ಲಿಲ್ವಾ ನಿಶ್ಮಿ?”

ಸುಕೇಶ ಜೆಸಿಂತಾಳ ಬಗ್ಗೆಯೂ ಕೇಳಿದ, ಹೇಗಿದ್ದಾಳೆ, ಬಸ್ಸು ಹತ್ತುತ್ತಾಳಾ ಎಂದು. ಆಮೇಲೆ ಒಂದು ಚಾಪೆ, ಎರಡು ಅಂಗಿ ತೆಗೆದುಕೊಂಡು ದಕ್ಕೆಯ ವರ್ಕ್‌ಶಾಪಿಗೆ ಹೋದ. ಕೋಪಿಸಿಕೊಂಡು ಬಾಗಿಲು ಬಡಿಯುವ ಮನುಷ್ಯನಲ್ಲ ಅವನು. ಮೆಲ್ಲಗೆ ಎಳೆದುಕೊಂಡು ಹೋದ. ಅವಳು ದಿನವೂ ಬುತ್ತಿ ಕಳಿಸಿದಳು. ಪಾತ್ರೆ ತೊಳೆದು ವಾಪಸ್ಸು ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಕೇಂದ್ರದಿಂದ ಅವನಿಗೆ ಮತ್ತೆ ಸೇರಬಹುದೆಂದು ಕರೆ ಬಂತು. ಇಂಜಿನ್‌ಗಳ ಮಧ್ಯೆ ತನಗೆ ಹಾಯಾಗಿದೆ ಎಂದು ಅವನು ಹೇಳಿ ಕಳಿಸಿದನಂತೆ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಿಶ್ಮಿತಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಗೇಟಿನ ಹೊರಗೆ ಯಾರೋ ನಿಂತ ಹಾಗಾಯಿತು. ಬಳ್ಳಾಲರು. ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಬಹಳ ಸಣ್ಣಗಾಗಿದ್ದರು. ಅವಳು ಗೇಟು ತೆರೆಯಲಿಲ್ಲ, ಅವರೂ ತೆರೆಯಿರಿ ಎನ್ನಲಿಲ್ಲ.

ಅಣ್ಣನಿದ್ದಾನೆಯೇ ಎಂದು ಕೇಳಿದರು. ಇಲ್ಲ ಎಂದಳು. ಎಲ್ಲಿದ್ದಾನೆಂದು ಅವರು ಕೇಳುವ ಮೊದಲೇ, ಹೇಳುವುದಿಲ್ಲ ಎಂದಳು. ಅವರು ತಲೆಯಾಡಿಸಿದರು. ತಾನು ಬಂದದ್ದು ಅದಕ್ಕೊಂದಕ್ಕೇ ಅಲ್ಲ ಎಂದರು. ಪ್ರತಿ ಮಾತಿಗೂ ಮುಂಚೆ ಅವರು ನಿಲ್ಲುತ್ತಿದ್ದರು. ಆರಿಸುವುದರಲ್ಲಿ ನಿನ್ನಷ್ಟು ಬಲ್ಲವರು ಇಲ್ಲ, ನನಗೊಂದು ಮಾದರಿ ಆರಿಸಿಕೊಡು, ಕೇಂದ್ರದ ಮೂಲಕ ಬೇಡ, ಹಾಗೆಯೇ ಹೇಳಿದರೆ ಸಾಕು ಎಂದು ಅವರು ಬೇಡಿದ್ದರ ಸಾರ. ಮುಮ್ತಾಜರು ಎರಡು ಮೂರನ್ನು ಪ್ರಯತ್ನಿಸಿದ್ದರಂತೆ. ಯಾವುದೂ ಫಲ ಕೊಟ್ಟಿರಲಿಲ್ಲವಂತೆ.

“ಇದನ್ನು… ತೆಗಿಯುವ ಮಾದರಿ ಒಂದು… ಇರ್ಬೇಕಲ್ಲ ಮಗಳೇ.”

ಮಗಳೇ ಎಂದದ್ದು ಅವಳನ್ನು ಮುಟ್ಟಲಿಲ್ಲ. ಅವಳು ಹಗ್ಗದ ಮೇಲಿನ ಅಂಗಿಯನ್ನು ಎಳೆದು ನೇರಮಾಡಿದಳು.

“ಹದಿನೈದು ವರ್ಷದಿಂದ ಹುಡುಕ್ತಾ ಇದ್ದೇನೆ ಸಾರ್. ಇದ್ದಿದ್ರೆ ಮೊದಲು ಅಣ್ಣನಿಗೆ ಕೊಡ್ತಿದ್ದೆ.”

ಅವರು ಗೇಟಿನ ಸರಳು ಹಿಡಿದುಕೊಂಡರು. ಬೀದಿಯಲ್ಲಿ ಮೀನಿನ ಬುಟ್ಟಿ ಹೊತ್ತವಳೊಬ್ಬಳು ದಾಟಿಹೋದಳು.

“ಇನ್ನೂ… ಹುಡುಕ್ತೀಯಾ?”

“ಹುಡುಕ್ತೇನೆ.”

“ಸಿಕ್ಕಿದ್ರೆ?”

“ಸಿಕ್ಕಿದ್ರೆ ನಿಮ್ಗೆ ಹೇಳುದಿಲ್ಲ.”

ಬಳ್ಳಾಲರು ಬಾಯಿ ತೆರೆದರು. ಏನೋ ಹೇಳಲಿಕ್ಕಿತ್ತು, ತುಟಿಗಳು ಅದರ ಆಕಾರಕ್ಕೆ ಬಂದು ನಿಂತಿದ್ದವು. ನಿಶ್ಮಿತಾ ಖಾಲಿ ಬಕೆಟ್ಟನ್ನು ಎತ್ತಿಕೊಂಡು ಒಳಗೆ ನಡೆದಳು. ಆ ಮಾತು ಹೊರಬರುವ ತನಕ ಅವಳು ಕಾಯಲಿಲ್ಲ.